15 ಸಾವಿರ ಡಾಲರ್‌ನ ದೆವ್ವ

ದೆವ್ವದ ಸಿನಿಮಾ ಅಂದ್ರೆ ಬಿಳಿ ಸೀರೆ, ಬಿಚ್ಚಿದ ಕೂದಲು, ಕಿವಿ ಹರಿಯುವ ಹಿನ್ನೆಲೆ ಸಂಗೀತ. ಇದ್ಯಾವುದೂ ಇಲ್ಲದೆ ಹೆದರಿಸೋಕೆ ಆಗುತ್ತಾ? ಆಗುತ್ತೆ ಅಂತ ತೋರಿಸಿದ್ದು ‘ಪ್ಯಾರಾನಾರ್ಮಲ್ ಆಕ್ಟಿವಿಟಿ’.

ಇದರ ನಿರ್ದೇಶಕ ಓರೆನ್ ಪೆಲಿ ಸಿನಿಮಾ ಕಲಿತು ಬಂದವನಲ್ಲ. ನಮ್ಮ ಹಾಗೇ ಕೋಡ್ ಬರೆಯುತ್ತಿದ್ದ ವಿಡಿಯೊ ಗೇಮ್ ಪ್ರೋಗ್ರಾಮರ್. 2006ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದ ತನ್ನ ಮನೆಯಲ್ಲೇ, ಸುಮಾರು ಒಂದು ವಾರದಲ್ಲಿ, 15 ಸಾವಿರ ಡಾಲರ್ ಖರ್ಚಿನಲ್ಲಿ ಶೂಟಿಂಗ್ ಮುಗಿಸಿದ. 2009ರಲ್ಲಿ ಪ್ಯಾರಾಮೌಂಟ್ ಅದನ್ನು ಚಿತ್ರಮಂದಿರಗಳಿಗೆ ತಂದಾಗ ಜಗತ್ತಿನಾದ್ಯಂತ ಗಳಿಸಿದ್ದು 19 ಕೋಟಿ ಡಾಲರ್‌ಗೂ ಹೆಚ್ಚು!

ಕತೆ ಸರಳ. ಕೇಟಿಗೆ ಚಿಕ್ಕಂದಿನಿಂದ ಏನೋ ಕಾಟ. ಜೊತೆಗಿರುವ ಮೈಕಾ ಅದನ್ನು ಹಿಡಿಯೋಕೆ ಬೆಡ್‌ರೂಮಿನಲ್ಲಿ ಕ್ಯಾಮೆರಾ ಇಡುತ್ತಾನೆ. ರಾತ್ರಿ ಟ್ರೈಪಾಡ್ ಮೇಲಿನ ಕ್ಯಾಮೆರಾ ಅಲ್ಲಾಡೋದೇ ಇಲ್ಲ. ಮೂಲೆಯಲ್ಲಿ ಗಡಿಯಾರದ ಅಂಕಿಗಳು ಓಡುತ್ತವೆ, ಎಡಕ್ಕೆ ತೆರೆದ ಬಾಗಿಲು, ಆಚೆ ಕತ್ತಲು. ಓಡುತ್ತಿದ್ದ ಅಂಕಿಗಳು ನಿಧಾನವಾದವು ಅಂದ್ರೆ ಏನೋ ಆಗಲಿದೆ ಅಂತ ಅರ್ಥ. ಆಮೇಲೆ ನಮ್ಮ ಕಣ್ಣೇ ಪರದೆಯ ಮೂಲೆಮೂಲೆ ತಡಕಾಡುತ್ತೆ. ಬಾಗಿಲು ಒಂದಿಷ್ಟು ಅಲುಗಿದರೂ ಸಾಕು, ಎದೆ ಧಸಕ್ ಅನ್ನುತ್ತೆ. ಗ್ರಾಫಿಕ್ಸ್‌ಗೆ ದುಡ್ಡಿಲ್ಲದ್ದೇ ಇಲ್ಲಿ ಲಾಭವಾಗಿದೆ. ಕಲಾವಿದರಿಗೆ ಪೂರ್ತಿ ಬರೆದ ಸಂಭಾಷಣೆ ಇರಲಿಲ್ಲ. ಹಾಗಾಗಿ ಅವರ ಜಗಳ ಪಕ್ಕದ ಮನೆಯ ಜಗಳದಂತೆ ಕೇಳುತ್ತೆ.

ಕೊರತೆಗಳೂ ಇವೆ. ರಾತ್ರಿ ಸದ್ದು, ಬೆಳಿಗ್ಗೆ ವಾದ ಅನ್ನುವ ಚಕ್ರ ಮಧ್ಯದಲ್ಲಿ ಬೇಸರ ತರಿಸುತ್ತೆ. ಮನೆ ಬಿಟ್ಟರೂ ಕಾಟ ತಪ್ಪಲ್ಲ ಅನ್ನೋದನ್ನು ಒಬ್ಬ ಪರಿಣತನ ಬಾಯಲ್ಲಿ ಪಾಠದಂತೆ ಹೇಳಿಸಿದ್ದಾರೆ. ಬೇಕಾದ ಹೊತ್ತಿಗೇ ಸರಿಯಾಗಿ ಇನ್ನೊಬ್ಬ ಪರಿಣತ ಊರಲ್ಲಿರೋಲ್ಲ! ಪ್ರಾಣಕ್ಕೆ ಬಂದಾಗಲೂ ಕ್ಯಾಮೆರಾ ಕೈಬಿಡದ ಮೈಕಾನನ್ನು ನಂಬೋದು ಕಷ್ಟ. ಚಿತ್ರಮಂದಿರದ ಆವೃತ್ತಿಗೆ ಬದಲಾಯಿಸಿದ ಕ್ಲೈಮ್ಯಾಕ್ಸ್ ಕೂಡ ಅಲ್ಲಿಯವರೆಗಿನ ಸಂಯಮ ಬಿಟ್ಟು ಸುಮ್ಮನೆ ಬೆಚ್ಚಿಬೀಳಿಸುತ್ತೆ.

ಆದರೂ ಚಿತ್ರ ಮನಸ್ಸಲ್ಲಿ ಉಳಿಯೋದು ದೆವ್ವದಿಂದಲ್ಲ. ‘ಬೇಡ’ ಅಂತ ಕೇಟಿ ಎಷ್ಟು ಸಲ ಹೇಳುತ್ತಾಳೆ ಗಮನಿಸಿ. ಅವಳಿಗದು ಜೀವಭಯ, ಅವನಿಗೆ ಹೊಸ ಪ್ರಾಜೆಕ್ಟ್. ಓಯಿಜಾ ಬೋರ್ಡ್ ಮನೆಗೆ ತರಬೇಡ ಅಂದರೂ ತರುತ್ತಾನೆ. ‘ಎಲ್ಲಾ ನಾನು ನೋಡ್ಕೋತೀನಿ’ ಅನ್ನುವ ಅವನ ಹುಮ್ಮಸ್ಸಿನಲ್ಲಿ ಅವಳ ಮಾತು ಮಾತ್ರ ಯಾರಿಗೂ ಕೇಳಿಸೋಲ್ಲ. ಎಲ್ಲಕ್ಕೂ ಪರಿಹಾರ ಹುಡುಕೋ ಚಟವಿರುವ ನಮ್ಮಂಥವರು ನೋಡಲೇಬೇಕಾದ್ದು ಇದನ್ನೇ.

ನೋಡೋದಾದ್ರೆ ಮೊಬೈಲ್‌ನಲ್ಲಿ ಬೇಡ. ಆ ಬಾಗಿಲು ದೊಡ್ಡದಾಗಿ ಕಾಣಬೇಕು.