ಕಂಬಿಗೆ ಸಿಕ್ಕಿಕೊಂಡ ಪಿಸ್ತೂಲು

ಸಾಗರ ಪೇಟೆಯ ವಿಡಿಯೊ ಪಾರ್ಲರು. ತಗಡಿನ ಮಾಡಿನ ಮೇಲೆ ಮಳೆಯ ಆರ್ಭಟ. ಟಿ.ವಿ.ಯಲ್ಲಿ ಪೊಲೀಸ್ ಉಡುಪಿನವನೊಬ್ಬ ಕಬ್ಬಿಣದ ಕಂಬಿಗಳ ನಡುವೆ ಪಾದರಸದ ಹಾಗೆ ನುಸುಳುತ್ತಾನೆ. ಮೈಯೆಲ್ಲ ದಾಟಿತು, ಕೈಯಲ್ಲಿದ್ದ ಪಿಸ್ತೂಲು ಮಾತ್ರ ಕಂಬಿಗೆ ಸಿಕ್ಕಿಕೊಂಡಿತು. ಬೆಂಚಿನ ಮೇಲಿದ್ದ ನಾವೆಲ್ಲ ‘ಹೋ’ ಎಂದೆವು. ಕ್ಯಾಸೆಟ್ ಹಾಕುವ ಅಣ್ಣ, “ಅರ್ನಾಲ್ಡ್ ಹೋದ್ಸಲ ಕೆಟ್ಟವ, ಈ ಸಲ ಒಳ್ಳೆಯವ, ನೋಡ್ತಾ ಇರು ಮಾರಾಯ” ಎಂದು ಕಥೆ ಬಿಡಿಸಿದ. ಅಷ್ಟರಲ್ಲಿ ಕರೆಂಟು ಹೋಯಿತು. ಅದೂ ಲಿಂಗನಮಕ್ಕಿಯಲ್ಲಿ ಶರಾವತಿಯನ್ನು ತಡೆದು ನಾಡಿಗೆಲ್ಲ ಬೆಳಕು ಕೊಟ್ಟ ತಾಲ್ಲೂಕಿನಲ್ಲಿ!

‘ಟರ್ಮಿನೇಟರ್ 2’ ತೆರೆ ಕಂಡದ್ದು 1991ರಲ್ಲಿ. ಅದರ ಕ್ಯಾಸೆಟ್ಟು ನಮ್ಮೂರಿಗೆ ನಿಧಾನವಾಗಿ ಬಂತು. ಸಾಗರದಿಂದ ಎಂಟೊಂಬತ್ತು ಕಿ.ಮೀ. ದೂರದ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದೂ ಅದೇ ವರ್ಷ. ಅವರ ನೀನಾಸಮ್ ಎಪ್ಪತ್ತರ ದಶಕದಿಂದಲೇ ಕುರೊಸಾವಾ, ಸತ್ಯಜಿತ್ ರಾಯ್ ಚಿತ್ರಗಳನ್ನು ಹಳ್ಳಿಗರ ಮುಂದಿಟ್ಟಿತ್ತು. ಭಾಷೆ ಬಾರದ ಸಿನಿಮಾವನ್ನೂ ಅಡಿಕೆ ಸುಲಿಯುವವರು ಕೂತು ನೋಡಬಲ್ಲರೆಂದು ತೋರಿಸಿಕೊಟ್ಟಿತ್ತು. ನಮ್ಮ ಪಾರ್ಲರು ತನಗೇ ತಿಳಿಯದೆ ಅದೇ ಪಾಠ ಮಾಡುತ್ತಿತ್ತು ಎಂದರೆ ಹೆಗ್ಗೋಡಿನವರು ಮುನಿಸಿಕೊಳ್ಳಬಾರದು.

ಬೇರೆ ದಾರಿಯೂ ಇರಲಿಲ್ಲ. ಅರವತ್ತರ ದಶಕದ ಚಳವಳಿಯ ನಂತರ ಕನ್ನಡಕ್ಕೆ ಡಬ್ಬಿಂಗ್ ಬರಕೂಡದೆಂಬ ಅಲಿಖಿತ ಕಟ್ಟಳೆ ನಿಂತಿತ್ತು. ಸ್ಪರ್ಧಾ ಆಯೋಗ ಅದನ್ನು ತಪ್ಪೆಂದದ್ದು 2015ರಲ್ಲಿ. 1994ರಲ್ಲಿ ‘ಜುರಾಸಿಕ್ ಪಾರ್ಕ್’ ಹಿಂದಿಯಲ್ಲಿ ಗರ್ಜಿಸಿತು. ನಮಗೆ ಇಂಗ್ಲಿಷೂ ಅಣ್ಣನ ವ್ಯಾಖ್ಯಾನವೂ ಗತಿ. ಹೊಸನಗರದ ನೆಂಟರ ಮನೆಗೆ ಬಾಡಿಗೆ ವಿಸಿಪಿ ಬಂದಾಗ ಆ ವ್ಯಾಖ್ಯಾನದ ಪಾತ್ರ ನನಗೆ ಸಿಕ್ಕುತ್ತಿತ್ತು. ಗೊತ್ತಾಗದ ಕಡೆ ನಾನೇ ಕಥೆ ಹೊಸೆದೆ. ಯಾರೂ ದೂರಲಿಲ್ಲ.

ಅಷ್ಟು ಸೆಳೆದದ್ದು ಏನು? ನಿಜವಾದ ಮೈ, ನಿಜವಾದ ಅಪಾಯ. ‘ಟರ್ಮಿನೇಟರ್ 2’ನಲ್ಲಿ ಕಂಪ್ಯೂಟರಿನ ಕೈಚಳಕ ಐದು ನಿಮಿಷದ ಆಸುಪಾಸು, ಸೇತುವೆಯ ಕೆಳಗೆ ನುಗ್ಗಿದ ಹೆಲಿಕಾಪ್ಟರು ನಿಜದ್ದು. 1993ರ ‘ಕ್ಲಿಫ್‌ಹ್ಯಾಂಗರ್’ನಲ್ಲಿ ಸಾಹಸಿ ಸೈಮನ್ ಕ್ರೇನ್ ಸುಮಾರು 15,000 ಅಡಿ ಎತ್ತರದಲ್ಲಿ ಒಂದು ವಿಮಾನದಿಂದ ಇನ್ನೊಂದಕ್ಕೆ ಹಗ್ಗದ ಮೇಲೆ ಜಾರಿದ, ಅದಕ್ಕೆ ಹತ್ತು ಲಕ್ಷ ಡಾಲರ್ ಪಡೆದ. ಮಾರಿಕಾಂಬಾ ಜಾತ್ರೆಯ ಸಾವಿನ ಬಾವಿಯಲ್ಲಿ ಬೈಕು ಸುತ್ತುವವನನ್ನು ಕಂಡವರಿಗೆ ಇದರ ಬೆಲೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಕೊರತೆ ಕಂಡದ್ದು ಮಾತು ತಿಳಿದ ಮೇಲೆ. 1988ರ ‘ಡೈ ಹಾರ್ಡ್’ನ ಎರಕವನ್ನೇ ಹಾಲಿವುಡ್ ಮತ್ತೆ ಮತ್ತೆ ಹೊಯ್ದಿತ್ತು: ಕಟ್ಟಡದ ಬದಲು ‘ಅಂಡರ್ ಸೀಜ್’ನಲ್ಲಿ ಹಡಗು, ‘ಸ್ಪೀಡ್’ನಲ್ಲಿ ಬಸ್ಸು. ಆ ಬಸ್ಸು ಗಂಟೆಗೆ ಐವತ್ತು ಮೈಲಿಗಿಂತ, ಅಂದರೆ 80 ಕಿ.ಮೀ.ಗಿಂತ, ನಿಧಾನವಾದರೆ ಬಾಂಬು ಸಿಡಿಯಬೇಕು. ತೀರ್ಥಹಳ್ಳಿಯ ಗೆಳೆಯ ಲೆಕ್ಕ ಹಾಕಿದ್ದ: ಆಗುಂಬೆ ಘಾಟಿಯ ಮೊದಲ ತಿರುವಿನಲ್ಲೇ ಸಿನಿಮಾ ಮುಗಿಯುತ್ತಿತ್ತು! ನಕ್ಕು ಬಿಡಬಹುದಾದ ದೋಷ ಇದು. ‘ಟ್ರೂ ಲೈಸ್’ ಅರಬರನ್ನು ಬಾಂಬು ಹಿಡಿದ ಪೆದ್ದರಾಗಿ ಮಾಡಿದ್ದು ಹಾಗಲ್ಲ. ಅದನ್ನು ಅಮೆರಿಕದ ಅರಬರೇ ಪ್ರತಿಭಟಿಸಿದ್ದರು. ನಾವು ಮಾತ್ರ ಬೆಂಚು ಬಡಿದು ಶಿಳ್ಳೆ ಹೊಡೆದಿದ್ದೆವು. ಮಾತು ತಿಳಿಯದಿರುವುದು ಯಾವಾಗಲೂ ಮುಗ್ಧತೆಯಲ್ಲ.

ಕೇಬಲ್ ಬಂತು, ಪಾರ್ಲರು ಬಾಗಿಲು ಹಾಕಿತು. ಈಗ ಅಲ್ಲಿ ಮೊಬೈಲ್ ಅಂಗಡಿ. ಅಣ್ಣನ ಕಥೆಗಳನ್ನು ಯಾರೂ ಬರೆದಿಡಲಿಲ್ಲ ಎಂಬುದು ನನ್ನ ಸಿಟ್ಟು.

ಮೊನ್ನೆ ಮಗಳಿಗೆ ‘ಟರ್ಮಿನೇಟರ್ 2’ ಹಾಕಿದೆ. ಅವಳು ಕೆಳಗೆ ಓಡುವ ಅಕ್ಷರಗಳನ್ನೇ ಓದುತ್ತ ಕೂತಳು. ಪಿಸ್ತೂಲು ಸಿಕ್ಕಿಕೊಳ್ಳುವ ಗಳಿಗೆಯಲ್ಲಿ ಯಾರೂ ಮಾತಾಡುವುದಿಲ್ಲ, ಅಕ್ಷರ ನಿಂತಿತು. ಅವಳು ಕಣ್ಣೆತ್ತಿ ನೋಡಿದಳು. ‘ಹೋ’ ಎಂದಳು.