ಕೈಯಿಂದ ಕಸಿದುಕೊಂಡ ಗುರುತಿನ ಚೀಟಿ

ಟಿಪ್ಪು ಮಡಿದ ಮರುವರ್ಷ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿ ಅಲ್ಲಿನ ಬೆಳೆ, ಜಾತಿ, ಕಸುಬುಗಳನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ನಮ್ಮ ಇತಿಹಾಸದ ಓದುಗರಿಗೆ ಚೆನ್ನಾಗಿಯೇ ಗೊತ್ತು. ಅದಕ್ಕೂ ಮೊದಲು, 1795ರಲ್ಲಿ, ಈ ವೈದ್ಯ ಕಂಪನಿ ಸರ್ಕಾರದ ನಿಯೋಗದೊಂದಿಗೆ ಬರ್ಮಾಕ್ಕೆ, ಅಂದರೆ ಇಂದಿನ ಮ್ಯಾನ್ಮಾರ್‌ಗೆ, ಹೋಗಿದ್ದ. ಅಲ್ಲಿನ ಭಾಷೆಗಳ ಬಗ್ಗೆ 1799ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅರಾಕಾನ್ ಸೀಮೆಯಲ್ಲಿ ಬಹುಕಾಲದಿಂದ ನೆಲೆಸಿರುವ ಮುಸಲ್ಮಾನರು ತಮ್ಮನ್ನು ‘ರೂಯಿಂಗಾ’ ಎಂದು ಕರೆದುಕೊಳ್ಳುವುದನ್ನು ದಾಖಲಿಸಿದ. 1799 ಎಂಬ ಈ ಇಸವಿ ನೆನಪಿರಲಿ.

ಇವತ್ತು ಬಾಂಗ್ಲಾದೇಶದ ಕಾಕ್ಸ್ ಬಜಾರಿನ ಗುಡ್ಡಗಳಲ್ಲಿ ಅದೇ ಹೆಸರಿನ ಸುಮಾರು 10 ಲಕ್ಷ ರೊಹಿಂಗ್ಯಾ ಜನ ಬಿದಿರು, ಟಾರ್ಪಾಲಿನ ಗುಡಿಸಲುಗಳಲ್ಲಿದ್ದಾರೆ. ಅವರನ್ನು ಮ್ಯಾನ್ಮಾರ್‌ನಿಂದ ಓಡಿಸಿದ್ದು ಬಂದೂಕು. ಆದರೆ ಬಂದೂಕಿಗಿಂತ ಎಷ್ಟೋ ಮೊದಲು ಸರ್ಕಾರಿ ಕಾಗದ ಆ ಕೆಲಸ ಶುರು ಮಾಡಿತ್ತು.

1948ರಲ್ಲಿ ಬರ್ಮಾ ಸ್ವತಂತ್ರವಾದಾಗ ಹೀಗಿರಲಿಲ್ಲ. ಉತ್ತರ ಅರಾಕಾನಿನ ಮುಸಲ್ಮಾನರು ಸಂಸತ್ತಿನಲ್ಲಿದ್ದರು. ರಾಷ್ಟ್ರೀಯ ಗುರುತಿನ ಚೀಟಿ ಪಡೆದಿದ್ದರು. ಸರ್ಕಾರಿ ರೇಡಿಯೊದಲ್ಲಿ ಕೆಲಕಾಲ ಅವರ ಭಾಷೆಯ ಕಾರ್ಯಕ್ರಮವೂ ಬರುತ್ತಿತ್ತು.

1962ರಲ್ಲಿ ಜನರಲ್ ನೆ ವಿನ್ ಅಧಿಕಾರ ಹಿಡಿದ. 1978ರಲ್ಲಿ ವಿದೇಶಿಯರನ್ನು ಪತ್ತೆಹಚ್ಚುವ ಹೆಸರಿನ ಕಾರ್ಯಾಚರಣೆಗೆ ಹೆದರಿ 2 ಲಕ್ಷ ಜನ ಗಡಿಯ ನಾಫ್ ನದಿ ದಾಟಿ ಬಾಂಗ್ಲಾದೇಶಕ್ಕೆ ಹೋದರು. ಹೆಚ್ಚಿನವರನ್ನು ವಾಪಸು ಕಳಿಸುವಷ್ಟರಲ್ಲಿ ಶಿಬಿರಗಳಲ್ಲಿ ಸಾವಿರಾರು ಮಂದಿ ಹಸಿವು, ರೋಗಗಳಿಂದ ಸತ್ತಿದ್ದರು. ಅವರಲ್ಲಿ ಮಕ್ಕಳೇ ಹೆಚ್ಚು.

ನಂತರ ಬಂದದ್ದು 1982ರ ಪೌರತ್ವ ಕಾಯ್ದೆ. 1823ಕ್ಕೆ ಮೊದಲೇ ನೆಲೆಸಿದ್ದ ಜನಾಂಗಗಳಷ್ಟೇ ಹುಟ್ಟಾ ಪ್ರಜೆಗಳು ಎಂದು ಅದು ಹೇಳಿತು. ಬ್ರಿಟಿಷರು ಅರಾಕಾನನ್ನು ಗೆದ್ದ ಯುದ್ಧ ಶುರುವಾದದ್ದು 1824ರಲ್ಲಿ. ಅದರ ನಂತರ ಬಂದವರೆಲ್ಲ ಹೊರಗಿನವರು ಎಂಬುದು ವಾದ. ಸರ್ಕಾರ ಮಾನ್ಯ ಮಾಡಿದ 135 ಜನಾಂಗಗಳ ಪಟ್ಟಿಯಲ್ಲಿ ರೊಹಿಂಗ್ಯಾ ಇಲ್ಲ. ಬುಕಾನನ್ ಬರೆದದ್ದು ಆ ಗಡುವಿಗೆ 24 ವರ್ಷ ಮೊದಲು! ಬ್ರಿಟಿಷರ ಕಾಲದಲ್ಲಿ ಬಂಗಾಳದಿಂದ ಕೂಲಿಗೆಂದು ಬಹಳ ಮಂದಿ ಬಂದದ್ದೂ ನಿಜ. ಆದರೆ ಅವರ ಮೊಮ್ಮಕ್ಕಳನ್ನೂ ಯಾವ ದೇಶಕ್ಕೂ ಸೇರದವರನ್ನಾಗಿಸುವುದು ಯಾವ ನ್ಯಾಯ?

1989ರಿಂದ ಹಳೆಯ ಚೀಟಿ ಪಡೆದು ಹೊಸದನ್ನು ಕೊಡುವ ಕೆಲಸ ನಡೆಯಿತು. ರೊಹಿಂಗ್ಯಾಗಳು ಹಳೆಯದನ್ನು ಒಪ್ಪಿಸಿದರು. ಹೊಸದು ಅವರ ಕೈಗೆ ಬರಲಿಲ್ಲ. 1995ರಲ್ಲಿ ಪೌರತ್ವಕ್ಕೆ ಪುರಾವೆಯಾಗದ ಬಿಳಿ ಚೀಟಿಯೊಂದು ಸಿಕ್ಕಿತು. 2010ರಲ್ಲಿ ಅದನ್ನೇ ಹಿಡಿದು ಮತ ಹಾಕಿದರು. 2015ರಲ್ಲಿ ಅದೂ ರದ್ದಾಯಿತು. ಅದೇ ವರ್ಷ, ಹಾಲಿ ಸಂಸದರಾಗಿದ್ದ ಶ್ವೇ ಮೌಂಗ್ ಅವರ ನಾಮಪತ್ರವನ್ನು, ತಂದೆತಾಯಿ ಪ್ರಜೆಗಳಲ್ಲವೆಂದು ತಿರಸ್ಕರಿಸಲಾಯಿತು. ಅವರ ತಂದೆ ಅದೇ ದೇಶದ ಪೊಲೀಸ್ ಅಧಿಕಾರಿಯಾಗಿದ್ದವರು.

2017ರ ಆಗಸ್ಟ್ 25ರಂದು ರೊಹಿಂಗ್ಯಾ ಬಂಡುಕೋರರು ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿದರು. ಸೇನೆ ನೂರಾರು ಹಳ್ಳಿಗಳನ್ನು ಸುಟ್ಟಿತು. ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿದರು. 2019ರಲ್ಲಿ ಆಫ್ರಿಕಾದ ಪುಟ್ಟ ದೇಶ ಗ್ಯಾಂಬಿಯಾ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಮ್ಯಾನ್ಮಾರ್ ವಿರುದ್ಧ ನರಮೇಧದ ಮೊಕದ್ದಮೆ ಹೂಡಿತು.

ಕಾಕ್ಸ್ ಬಜಾರಿನ ಶಿಬಿರದ ಮಕ್ಕಳಿಗೆ 2021ರ ಕೊನೆಯಿಂದ ಮ್ಯಾನ್ಮಾರ್‌ನ ಪಠ್ಯಕ್ರಮವನ್ನೇ ಕಲಿಸಲಾಗುತ್ತಿದೆ, ಊರಿಗೆ ಮರಳಿದಾಗ ಓದು ಮುಂದುವರಿಯಲೆಂದು. 2025ರಲ್ಲಿ ವಿದೇಶಿ ನೆರವು ಕಡಿತವಾಗಿ ಎಳೆಯ ಮಕ್ಕಳ ಎಷ್ಟೋ ತರಗತಿಗಳು ನಿಂತವು.