ಹುಣ್ಣಿಮೆ ಇಲ್ಲದ ತೋಳಮಾನವ

2025ರ ಜನವರಿಯಲ್ಲಿ ತೆರೆಕಂಡ, ಲೀ ವಾನೆಲ್ ನಿರ್ದೇಶನದ 'ವುಲ್ಫ್ ಮ್ಯಾನ್' ಸುಮಾರು 2.5 ಕೋಟಿ ಡಾಲರ್ ವೆಚ್ಚದಲ್ಲಿ ತಯಾರಾಗಿ, ಜಗತ್ತಿನಾದ್ಯಂತ ಸುಮಾರು 3.5 ಕೋಟಿ ಡಾಲರ್ ಗಳಿಸಿತು. ಚಿತ್ರಮಂದಿರಗಳ ಪಾಲನ್ನೂ ಪ್ರಚಾರದ ಖರ್ಚನ್ನೂ ಕಳೆದರೆ ಇದು ನಷ್ಟದ ಲೆಕ್ಕವೇ ಸರಿ. ಹಣಕ್ಕಿಂತ ಹೆಚ್ಚು ಮಾತಾಡುವುದು ಇನ್ನೊಂದು ಅಂಕಿ. ಬಿಡುಗಡೆಯ ದಿನ ಚಿತ್ರಮಂದಿರಕ್ಕೆ ಬಂದ ಪ್ರೇಕ್ಷಕರ ಅಭಿಪ್ರಾಯ ಪಡೆದು 'ಎ'ಯಿಂದ 'ಎಫ್'ವರೆಗೆ ಶ್ರೇಣಿ ನೀಡುವ ಸಿನೆಮಾಸ್ಕೋರ್ ಎಂಬ ಅಮೆರಿಕನ್ ಸಂಸ್ಥೆಯ ಸಮೀಕ್ಷೆಯಲ್ಲಿ ಈ ಚಿತ್ರಕ್ಕೆ ದೊರೆತದ್ದು 'ಸಿ ಮೈನಸ್'. ಇದೇ ನಿರ್ದೇಶಕ 2020ರಲ್ಲಿ ಹೊಸದಾಗಿ ರೂಪಿಸಿದ 'ದಿ ಇನ್ವಿಸಿಬಲ್ ಮ್ಯಾನ್' ಅದೇ ಸಮೀಕ್ಷೆಯಲ್ಲಿ 'ಬಿ ಪ್ಲಸ್' ಪಡೆದಿತ್ತು. ಹೀಗಿರುವಾಗ ಪ್ರೇಕ್ಷಕರು ಮುನಿದದ್ದು ನಿರ್ದೇಶಕನ ಮೇಲಾಗಲೀ ಮರುನಿರ್ಮಾಣ ಎಂಬ ಪದ್ಧತಿಯ ಮೇಲಾಗಲೀ ಅಲ್ಲ, ತಾವು ನಿರೀಕ್ಷಿಸಿದ್ದ ತೋಳ ತೆರೆಯ ಮೇಲೆ ಕಾಣದೆ ಹೋದದ್ದಕ್ಕೆ ಎಂದು ಊಹಿಸಬಹುದು.

ಆ ನಿರೀಕ್ಷೆಯ ಬೇರು ಇರುವುದು 1941ರ ಡಿಸೆಂಬರಿನಲ್ಲಿ, ಪರ್ಲ್ ಹಾರ್ಬರ್ ದಾಳಿಯಾದ ಕೆಲವೇ ದಿನಗಳಲ್ಲಿ ಬಿಡುಗಡೆಯಾದ 'ದಿ ವುಲ್ಫ್ ಮ್ಯಾನ್' ಚಿತ್ರದಲ್ಲಿ. ನಾತ್ಸಿ ಆಳ್ವಿಕೆಯ ಜರ್ಮನಿಯನ್ನು ತೊರೆದು ಬಂದಿದ್ದ ಯಹೂದಿ ಲೇಖಕ ಕರ್ಟ್ ಸಿಯೋಡ್ಮಾಕ್ ಬರೆದ ಆ ಕಥೆಯಲ್ಲಿ, ತೋಳ ಕಚ್ಚಿದ ಒಬ್ಬ ಸಾಧು ಮನುಷ್ಯ ತನ್ನ ಇಚ್ಛೆಗೆ ವಿರುದ್ಧವಾಗಿ ಕೊಲೆಗಾರನಾಗುತ್ತಾನೆ, ಕೊನೆಗೆ ಹೆತ್ತ ತಂದೆಯ ಕೈಯಲ್ಲೇ, ಬೆಳ್ಳಿಯ ಹಿಡಿಯ ಊರುಗೋಲಿನ ಏಟಿಗೆ ಸಾಯುತ್ತಾನೆ. ಪ್ರಸಾಧನ ಕಲಾವಿದ ಜ್ಯಾಕ್ ಪಿಯರ್ಸ್ ಚಮರೀಮೃಗದ ಕೂದಲನ್ನು ನಟ ಲಾನ್ ಚೇನಿ ಜೂನಿಯರ್ ಮುಖಕ್ಕೆ ಅಂಟಿಸಿ ರೂಪಿಸಿದ ಆ ಮುಖವೇ ಮುಂದೆ ತೋಳಮಾನವನ ಅಧಿಕೃತ ಮುಖವಾಯಿತು. ಇಂದು ಈ ಕಥೆಗಳಿಂದ ಬೇರ್ಪಡಿಸಲಾಗದ ಹುಣ್ಣಿಮೆ ಮಾತ್ರ ಮೊದಲ ಚಿತ್ರದಲ್ಲಿ ಅನಿವಾರ್ಯವಾಗಿರಲಿಲ್ಲ. ಅದು ನೆಲೆಗೊಂಡದ್ದು 1943ರ ಮುಂದುವರಿದ ಭಾಗದಲ್ಲಿ. ಅಂದರೆ ಪ್ರೇಕ್ಷಕರು ಪುರಾತನವೆಂದು ನಂಬಿ ಕಾಯುವ ನಿಯಮಗಳಲ್ಲಿ ಹಲವು ಸಿನಿಮಾ ಸ್ಟುಡಿಯೋದಲ್ಲೇ ಹುಟ್ಟಿದವು.

1981ರ 'ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್' ಚಿತ್ರದಲ್ಲಿ ರಿಕ್ ಬೇಕರ್ ಮನುಷ್ಯನ ಕೈ, ಬೆನ್ನು, ದವಡೆಗಳು ಬೆಳಕಿನಲ್ಲೇ ಹಿಗ್ಗಿ ತೋಳವಾಗುವುದನ್ನು ತೋರಿಸಿ ಆಸ್ಕರ್ ಪಡೆದ ಮೇಲೆ, ರೂಪಾಂತರದ ದೃಶ್ಯವಿಲ್ಲದ ತೋಳಚಿತ್ರವನ್ನು ಪ್ರೇಕ್ಷಕರು ಒಪ್ಪುವುದು ಕಷ್ಟವಾಯಿತು. 2010ರಲ್ಲಿ ಜೋ ಜಾನ್‌ಸ್ಟನ್ ನಿರ್ದೇಶಿಸಿದ, ಬೆನಿಸಿಯೋ ಡೆಲ್ ಟೋರೊ ಅಭಿನಯದ, 1941ರ ಚಿತ್ರದ ಮರುನಿರ್ಮಾಣ ಈ ಬೇಡಿಕೆಗಳನ್ನೆಲ್ಲ ಪೂರೈಸಿತು: ಹುಣ್ಣಿಮೆ, ಬೆಳ್ಳಿ, ಹಳೆಯ ಬಂಗಲೆ, ಹಳೆಯ ಮುಖಕ್ಕೆ ನಿಷ್ಠವಾದ ಪ್ರಸಾಧನ. ಆ ಪ್ರಸಾಧನಕ್ಕೆ ಬೇಕರ್ ಮತ್ತು ಡೇವ್ ಎಲ್ಸಿ ಅವರಿಗೆ ಆಸ್ಕರ್ ಬಂದರೂ, ಸುಮಾರು 15 ಕೋಟಿ ಡಾಲರ್ ವೆಚ್ಚದ ಚಿತ್ರ ಗಳಿಕೆಯಲ್ಲಿ ಆ ಮೊತ್ತವನ್ನು ಮುಟ್ಟಲಿಲ್ಲ.

ವಾನೆಲ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿದರು. ಅವರ ಚಿತ್ರದಲ್ಲಿ ಹುಣ್ಣಿಮೆಯಿಲ್ಲ, ಬೆಳ್ಳಿಯಿಲ್ಲ, ಬೆಳಗಾದರೆ ಮನುಷ್ಯರೂಪಕ್ಕೆ ಮರಳುವ ಭರವಸೆಯೂ ಇಲ್ಲ. ಓರೆಗನ್ ಕಾಡಿನ ಮನೆಯೊಂದರಲ್ಲಿ ಹೆಂಡತಿ ಮತ್ತು ಪುಟ್ಟ ಮಗಳ ಕಣ್ಣೆದುರೇ ಒಬ್ಬ ತಂದೆ ಒಂದು ರಾತ್ರಿಯುದ್ದಕ್ಕೂ, ವಾಸಿಯಾಗದ ರೋಗಕ್ಕೆ ತುತ್ತಾದವನಂತೆ, ತುಸುತುಸುವೇ ಕಳೆದುಹೋಗುತ್ತಾನೆ. ದಟ್ಟ ತುಪ್ಪಳದ ಬದಲು ಹಲ್ಲು ಉದುರುವ, ಚರ್ಮ ಕೆಡುವ, ಕೂದಲು ಉದುರುವ ಈ ರೂಪವನ್ನು ಕಂಡು ಇದು ತೋಳವೇ ಅಲ್ಲ ಎಂದು ಹಲವರು ಆಕ್ಷೇಪಿಸಿದರು. ಆಕ್ಷೇಪ ಸಹಜವಾದರೂ ಚಿತ್ರದ ನಿಜವಾದ ಸಾಧನೆ ಆ ಚರ್ಮದ ಆಚೆಗಿದೆ: ಕ್ಯಾಮೆರಾ ಕುಟುಂಬದವರ ಕಡೆಯಿಂದ ನಿಧಾನವಾಗಿ ಸುತ್ತಿ ತಂದೆಯ ಕಡೆಗೆ ಬಂದಾಗ ಬೆಳಕಿನ ಬಣ್ಣ ಬದಲಾಗುತ್ತದೆ, ಗೋಡೆಯ ಮೇಲಿನ ಜೇಡದ ಹೆಜ್ಜೆಗಳು ಗುಡುಗಿದಂತೆ ಕೇಳುತ್ತವೆ, ಹೆಂಡತಿಯ ಮಾತು ಅರ್ಥವಿಲ್ಲದ ಸದ್ದಾಗುತ್ತದೆ. ಮರೆವಿನ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಂಡ ಯಾರಿಗೇ ಆದರೂ ಈ ದೃಶ್ಯಗಳು ನಾಟದೆ ಇರಲಾರವು. ತೋಳಮಾನವನ ಒಳಗಿನ ಒಂಟಿತನವನ್ನು ಹಿಂದಿನ ಚಿತ್ರಗಳು ಇಷ್ಟು ಹತ್ತಿರದಿಂದ ಕಾಣಿಸಿದ್ದು ವಿರಳ.

ಹಾಗಿದ್ದೂ ಪ್ರೇಕ್ಷಕರ ಅತೃಪ್ತಿಯನ್ನು ಅರಸಿಕತೆ ಎಂದು ತಳ್ಳಿಹಾಕುವುದು ಅನ್ಯಾಯ. ಕಳೆದುಹೋಗುವವನ ದುಃಖ ತಟ್ಟಬೇಕಾದರೆ ಅವನು ಮೊದಲು ಯಾರಾಗಿದ್ದ ಎಂಬುದು ನೋಡುಗರ ಮನಸ್ಸಿಗೆ ಇಳಿದಿರಬೇಕು. ಕ್ರಿಸ್ಟೋಫರ್ ಆ್ಯಬಟ್ ಮತ್ತು ಜೂಲಿಯಾ ಗಾರ್ನರ್ ಅವರಂಥ ಸಮರ್ಥ ನಟರಿದ್ದೂ ಆ ದಾಂಪತ್ಯದ ಬಿರುಕನ್ನು ಚಿತ್ರ ಆರಂಭದ ಕೆಲವೇ ಸಂಭಾಷಣೆಗಳಲ್ಲಿ ಮುಗಿಸಿ, ಆತುರದಿಂದ ಕಾಡಿನ ಹಾದಿ ಹಿಡಿಯುತ್ತದೆ.